ನೂರು ಕೆಜಿ ದಾಟಿದವರಿಗೆ ಯಾವ ಬೋರ್ಡ್?

"ನಿನ್ನ ಭಾರ ಆ ಹಲಗೆ ತಡೆಯುತ್ತೇನೋ?" ಊರಿನಿಂದ ಫೋನ್ ಮಾಡುವ ಚಿಕ್ಕಪ್ಪ ಕೇಳುವುದು ಇದನ್ನೇ. ಇಲ್ಲಿ, ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ, ಕ್ರೌನ್ ಬೀಚಿನಲ್ಲಿ ಸಿಗುವ ಕನ್ನಡದವರೂ ಇದನ್ನೇ ಕೇಳುತ್ತಾರೆ. ನಾನು ವಿಂಡ್‌ಸರ್ಫಿಂಗ್ ಮಾಡುತ್ತೇನೆ, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ನೀರಿನ ಮೇಲೆ ಸಾಗುತ್ತೇನೆ. ನನ್ನ ತೂಕ 104 ಕೆಜಿ. ಕೆಲವರು "ನಿಮ್ಮ ತೂಕಕ್ಕೆ ಯಾವ ಬೋರ್ಡ್ ತಗೊಂಡ್ರಿ?" ಅಂತಾರೆ. ಅದು ಒಳ್ಳೆ ಪ್ರಶ್ನೆ. ಆದರೆ ಅದರ ಹಿಂದೆಯೇ "ಮೊದಲು ಒಂದಿಪ್ಪತ್ತು ಕೆಜಿ ಇಳಿಸಿ ಆಮೇಲೆ ಕಲಿಬಹುದಿತ್ತು, ಅಲ್ವಾ?" ಅಂತ ಸೇರಿಸುತ್ತಾರೆ. ಇಲ್ಲ. ಕಲಿಯೋದು ಈಗ, ಇರೋ ಮೈಯಲ್ಲೇ. ಬೋರ್ಡ್‌ಗಳು ಬೇರೆ ಬೇರೆ ಅಳತೆಯಲ್ಲಿ ಬರೋದೇ ಅದಕ್ಕೆ.

ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಒಂದು ಲೀಟರ್ ಹೆಚ್ಚುಕಡಿಮೆ ಒಂದು ಕೆಜಿಯನ್ನು ತೇಲಿಸುತ್ತದೆ. ಉಪ್ಪುನೀರಿನಲ್ಲಿ ಒಂಚೂರು ಜಾಸ್ತಿ. ನಿಮ್ಮ ತೂಕವೊಂದನ್ನೇ ಲೆಕ್ಕ ಹಾಕಿದರೆ ಸಾಲದು. ಮಾಸ್ಟ್ (ಹಾಯಿ ಕಟ್ಟುವ ಕಂಬ), ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು), ಹಾಯಿ ಸೇರಿ ಎಂಟು ಹತ್ತು ಕೆಜಿ. ಬೋರ್ಡಿನದೂ ಅಷ್ಟೇ, ಇಲ್ಲಾ ಇನ್ನೂ ಜಾಸ್ತಿ. ಒದ್ದೆಯಾದ ವೆಟ್‌ಸೂಟ್ (ಚಳಿ ತಡೆಯಲು ಹಾಕುವ ರಬ್ಬರ್ ಉಡುಪು) ಬೇರೆ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಬೋರ್ಡನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ, 130 ಲೀಟರಿನದು. ದೊಡ್ಡದೇ ಇದೆ, ಸಾಕು ಅಂದಿದ್ದರು ಮಾರಿದವರು. ಮೇಲೆ ನಿಂತು, ಹಗ್ಗ ಹಿಡಿದು ಹಾಯಿ ಎತ್ತಲು ಹೋದೆ. ಮೇಲೆ ನಿಂತ ನೀರು ಸುರಿದುಹೋಗುವ ತನಕ ಹಾಯಿ ಕಲ್ಲಿನಷ್ಟು ಭಾರ. ನೀರು ಮೊದಲು ಕಾಲ್ಬೆರಳ ಮೇಲೆ ಬಂತು. ಆಮೇಲೆ ಪಾದ ಮುಚ್ಚಿತು. ಹಾಯಿ ಅರ್ಧ ಎದ್ದಿತ್ತು, ಅಷ್ಟರಲ್ಲಿ ಬೋರ್ಡ್ ಒಂದು ಪಕ್ಕಕ್ಕೆ ಮುಳುಗಿತು. ಬಿದ್ದೆ. ಆ ಮಧ್ಯಾಹ್ನ ಎಷ್ಟು ಸಲ ಎತ್ತಿದೆನೋ, ಅಂಗೈ ಚರ್ಮ ಸುಲಿದುಹೋಯಿತು. ಈಗ ಲೆಕ್ಕ ಹಾಕಿದರೆ ನನಗೆ ಉಳಿದಿದ್ದು ಹತ್ತು ಲೀಟರೂ ಇಲ್ಲ. ಆದರೆ ಅವತ್ತು ನನಗೆ ಬ್ಯಾಲೆನ್ಸೇ ಇಲ್ಲ ಅಂದುಕೊಂಡು ಮನೆಗೆ ಬಂದೆ. ತಿಂಗಳುಗಟ್ಟಲೆ ಹಾಗೇ ನಂಬಿಕೊಂಡಿದ್ದೆ. ಇವತ್ತಿಗೂ ಸಿಟ್ಟು ಬರೋದು ಅದಕ್ಕೇ.

ಆಮೇಲೆ 205 ಲೀಟರಿನ, ಸುಮಾರು 90 ಸೆಂಟಿಮೀಟರ್ ಅಗಲದ್ದನ್ನು ಬಾಡಿಗೆಗೆ ತಗೊಂಡೆ. ಮೊದಲ ದಿನವೇ ಹಾಯಿ ಎದ್ದಿತು. ಹಾಗಾಗಿ ಹೊಸಬರಿಗೆ ನನ್ನ ಮಾತು ಇಷ್ಟೇ: ನಿಮ್ಮ ತೂಕಕ್ಕೆ 80ರಿಂದ 100 ಸೇರಿಸಿ, ಅಷ್ಟು ಲೀಟರ್ ಇರಲಿ. ಅಗಲ ನೋಡದೆ ತಗೋಬೇಡಿ, ಓಲಾಡದಂತೆ ಹಿಡಿಯೋದು ಅದೇ. ನಡುವೆ ಡ್ಯಾಗರ್‌ಬೋರ್ಡ್ (ನೀರಿನೊಳಗೆ ಇಳಿಯುವ ಕಿರುಹಲಗೆ) ಇದ್ದರೆ ಗಾಳಿ ಪಕ್ಕಕ್ಕೆ ತಳ್ಳಿಕೊಂಡು ಹೋಗೋದು ಕಮ್ಮಿ, ಹೊರಟ ಜಾಗಕ್ಕೇ ವಾಪಸ್ ಬರಬಹುದು. ಕೈ ಪಳಗಿದ ಮೇಲೆ 150ರ ಆಸುಪಾಸಿಗೆ ಇಳಿಯಿರಿ.

ಹಾಯಿ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಒಳನಾಡಿನ ಕಣಿವೆ ಕಾದು ಬಿಸಿಗಾಳಿ ಮೇಲೇಳುತ್ತದೆ. ಸಮುದ್ರದ ತಣ್ಣನೆ ಗಾಳಿ ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ನುಗ್ಗುತ್ತದೆ. 15 ನಾಟ್ (ಗಂಟೆಗೆ ಸುಮಾರು 28 ಕಿಮೀ) ಗಾಳಿಗೆ 70 ಕೆಜಿಯ ನನ್ನ ಗೆಳೆಯ 6 ಚದರ ಮೀಟರ್ ಹಾಯಿ ಕಟ್ಟಿದರೆ ನನಗೆ 7.5 ಬೇಕು. ಗಾಳಿ ಕಮ್ಮಿ ಇದ್ದಾಗ ಅವನೇ ಮುಂದೆ, ಒಪ್ಪುತ್ತೇನೆ. ಗಾಳಿ 22ಕ್ಕೆ ಏರಲಿ, ಅವನು ದಡಕ್ಕೆ ಬಂದು ಚಿಕ್ಕ ಹಾಯಿ ಕಟ್ಟುತ್ತಿರುತ್ತಾನೆ. ನಾನು ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಪಟ್ಟಿ) ಕೊಕ್ಕೆಯನ್ನು ಬೂಮಿನ ಹಗ್ಗಕ್ಕೆ ಸಿಕ್ಕಿಸಿ ಹಿಂದಕ್ಕೆ ವಾಲುತ್ತೇನೆ. ಅಷ್ಟೂ ತೂಕ ಆಗ ಕೆಲಸಕ್ಕೆ ಬರುತ್ತದೆ. ಬೋರ್ಡ್ ನೀರು ತಳ್ಳುವುದು ಬಿಟ್ಟು ನೀರಿನ ಮೇಲೆ ಜಾರಲು ಶುರು ಮಾಡುತ್ತದೆ, ಅಡಿಯಲ್ಲಿ ಪಟಪಟ ಸದ್ದು.

ಚಿಕ್ಕಪ್ಪ, ಮುಂದಿನ ಸಲ ಫೋನ್ ಮಾಡಿದಾಗ ಆ ಸದ್ದಿನ ಬಗ್ಗೆ ಕೇಳಿ.