ಫ್ರೀಬಿಎಸ್‌ಡಿಯಲ್ಲಿ ಸಬ್ಲೈಮ್ ಟೆಕ್ಸ್ಟ್

ಕೋಡ್ ಬರೆಯುವ ಎಡಿಟರ್ ಆದ ಸಬ್ಲೈಮ್ ಟೆಕ್ಸ್ಟ್ ಅಧಿಕೃತವಾಗಿ ಬರುವುದು ಲಿನಕ್ಸ್, ವಿಂಡೋಸ್, ಮ್ಯಾಕ್‌ಗೆ ಮಾತ್ರ. ಆದರೂ ಅದರ 64 ಬಿಟ್ ಲಿನಕ್ಸ್ ಆವೃತ್ತಿ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ 14ರಲ್ಲಿ ಓಡುತ್ತದೆ, ವರ್ಚುವಲ್ ಮಷೀನ್ ಬೇಕಿಲ್ಲ. ಲಿನಕ್ಸ್ ಪ್ರೋಗ್ರಾಂ ಕೇಳುವ ಸಿಸ್ಟಂ ಕಾಲ್‌ಗಳಿಗೆ (ಆಪರೇಟಿಂಗ್ ಸಿಸ್ಟಂಗೆ ಸಲ್ಲಿಸುವ ಕೋರಿಕೆಗಳಿಗೆ) ಫ್ರೀಬಿಎಸ್‌ಡಿಯ ತಿರುಳಾದ ಕರ್ನಲ್ಲೇ ನೇರವಾಗಿ ಉತ್ತರ ಕೊಡುತ್ತದೆ. ಪರಭಾಷೆಯವರು ಮನೆಗೆ ಬಂದರೆ ಅವರ ಮಾತಿನಲ್ಲೇ ಉಪಚರಿಸುವ ಸೌಜನ್ಯ ಇದು. ನನಗಂತೂ ಈ ವ್ಯವಸ್ಥೆಯ ಮೇಲೆ ತುಂಬ ಗೌರವ.

ಮೊದಲು ಸಿಸ್ಟಂನ ಸೆಟ್ಟಿಂಗ್ ಫೈಲ್ ಆದ ಆರ್‌ಸಿ.ಕಾನ್ಫ್‌ನಲ್ಲಿ ಲಿನಕ್ಸ್ ಎನೇಬಲ್‌ಗೆ 'ಯೆಸ್' ಕೊಟ್ಟು ಆ ಸರ್ವಿಸ್ ಶುರು ಮಾಡಿ. ಲಿನಕ್ಸ್ ಪ್ರೋಗ್ರಾಂಗಳು ಹುಡುಕುವ ಪ್ರೋಕ್, ಸಿಸ್, ಶೇರ್ಡ್ ಮೆಮೊರಿ ಎಲ್ಲವನ್ನೂ ಆ ಸರ್ವಿಸ್ಸೇ /ಕಂಪ್ಯಾಟ್/ಲಿನಕ್ಸ್ ಎಂಬ ಫೋಲ್ಡರ್ ಒಳಗೆ ಮೌಂಟ್ ಮಾಡುತ್ತದೆ. ಆಮೇಲೆ ಲಿನಕ್ಸಿನ ಮೂಲ ಫೈಲುಗಳಿರುವ ರಾಕಿ ಲಿನಕ್ಸ್ 9ರ (ಆರ್‌ಎಲ್9) ಬೇಸ್ ಪ್ಯಾಕೇಜ್ ಹಾಕಿ. 'ಇಎಲ್ಎಫ್ ಇಂಟರ್‌ಪ್ರಿಟರ್ ಸಿಗಲಿಲ್ಲ' ಎಂದು ಬಂದರೆ ಈ ಬೇಸ್ ಇಲ್ಲ ಎಂದೇ ಅರ್ಥ, ಎಡಿಟರ್‌ನ ತಪ್ಪಲ್ಲ.

ಮುಂದಿನ ತೊಡಕು ಲೈಬ್ರರಿಗಳದ್ದು. ಕಿಟಕಿ, ಬಟನ್‌ಗಳನ್ನು ತೋರಿಸುವ ಜಿಟಿಕೆ 3 ಲೈಬ್ರರಿ ಫ್ರೀಬಿಎಸ್‌ಡಿಯಲ್ಲಿ ಇದ್ದರೂ ಪ್ರಯೋಜನವಿಲ್ಲ, ಲಿನಕ್ಸಿನದೇ ಬೇಕು. /ಕಂಪ್ಯಾಟ್/ಲಿನಕ್ಸ್ ಒಳಗಿನ ಎಲ್‌ಡಿಡಿಯನ್ನು (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಕಮಾಂಡ್) ಎಡಿಟರ್ ಫೈಲಿನ ಮೇಲೆ ಓಡಿಸಿ. 'ನಾಟ್ ಫೌಂಡ್' ಎಂದ ಸಾಲುಗಳಷ್ಟನ್ನೇ ಆರ್‌ಎಲ್9 ಪ್ಯಾಕೇಜುಗಳಿಂದ ತುಂಬಿ.

ಒಂದು ವಿಚಾರ ಮಾತ್ರ ಗಮನದಲ್ಲಿರಲಿ. ಲಿನಕ್ಸ್ ಪ್ರೋಗ್ರಾಂ ಕಮಾಂಡ್ ಓಡಿಸುವ ಶೆಲ್ ಆದ /ಬಿನ್/ಎಸ್‌ಎಚ್ ಕೇಳಿದರೆ ಕರ್ನಲ್ ಮೊದಲು ಹುಡುಕುವುದು /ಕಂಪ್ಯಾಟ್/ಲಿನಕ್ಸ್‌ನಲ್ಲಿ. ಹಾಗಾಗಿ ಎಡಿಟರ್ ಒಳಗಿನ ಬಿಲ್ಡ್‌ನಿಂದ, ಸಿಸ್ಟಂನ ಹೆಸರು ಹೇಳುವ ಯುನೇಮ್ ಕಮಾಂಡ್ ಕೊಟ್ಟರೆ 'ಲಿನಕ್ಸ್' ಅಂತಲೇ ಬರುತ್ತದೆ. ಆದ್ದರಿಂದ ಫ್ರೀಬಿಎಸ್‌ಡಿಗಾಗಿ ಕಂಪೈಲ್ ಮಾಡುವ ಕೆಲಸವನ್ನು ಹೊರಗಿನ ಟರ್ಮಿನಲ್‌ನಲ್ಲೇ ಇಟ್ಟುಕೊಳ್ಳಿ.