ಬ್ರೇಕ್‌ಡೌನ್: ಒಂದು ಪದವೋ, ಎರಡೋ?

ಶಿರಸಿಯ ಕಾಲೇಜು ಹುಡುಗರಿರಲಿ, ಗೋಕರ್ಣದಲ್ಲಿ ಹೋಮ್‌ಸ್ಟೇ ನಡೆಸುವವರಿರಲಿ, ಕಾರವಾರದ ಆಫೀಸುಗಳಲ್ಲಿ ಕೂತು ಇಮೇಲ್ ಬರೆಯುವವರಿರಲಿ, ಇಂಗ್ಲಿಷ್ ಕಲಿಸುವವರು ಸಿಕ್ಕರೆ ಕೇಳುವ ಪ್ರಶ್ನೆ ಇದು: ಬ್ರೇಕ್‌ಡೌನ್, ಚೆಕಿನ್, ಬ್ಯಾಕಪ್, ಲಾಗಿನ್, ಇವನ್ನೆಲ್ಲ ಕೂಡಿಸಿ ಬರೆಯಬೇಕೋ, ಬಿಡಿಸಿ ಬರೆಯಬೇಕೋ, ನಡುವೆ ಅಡ್ಡಗೆರೆ ಹಾಕಬೇಕೋ?

ಚಿಕ್ಕ ಉತ್ತರ: ನಾಮಪದವಾದರೆ ಕೂಡಿಸಿ ಅಥವಾ ಗೆರೆ ಹಾಕಿ, ಕ್ರಿಯಾಪದವಾದರೆ ಬಿಡಿಸಿ. ಇಷ್ಟು ಗೊತ್ತಿದ್ದವರೂ ಮತ್ತೆ ಮತ್ತೆ ತಪ್ಪುತ್ತಾರೆ. ಏಕೆಂದರೆ ತೊಡಕಿರುವುದು ಸ್ಪೆಲ್ಲಿಂಗಿನಲ್ಲಿ ಅಲ್ಲ, ಈ ಪದಗಳು ಕನ್ನಡಕ್ಕೆ ಬಂದ ದಾರಿಯಲ್ಲಿ.

ನಾವು ಇವನ್ನು ತಂದುಕೊಂಡದ್ದು ಬರೀ ನಾಮಪದಗಳಾಗಿ. ‘ಫೋಟೋ ಬ್ಯಾಕಪ್ ಮಾಡು’, ‘ಸ್ಟೇಶನ್ನಿಗೆ ಬಂದು ಪಿಕಪ್ ಮಾಡ್ತೇನೆ’, ‘ದೇವಿಮನೆ ಘಟ್ಟದಲ್ಲಿ ಬಸ್ಸು ಬ್ರೇಕ್‌ಡೌನ್ ಆಯ್ತು’ ಅನ್ನುತ್ತೇವೆ. ಕ್ರಿಯೆಯ ಭಾರ ಹೊರುವುದು ನಮ್ಮ ‘ಮಾಡು’, ‘ಆಗು’. ಹಾಗಾಗಿ ಇಂಗ್ಲಿಷಿನ ಕ್ರಿಯಾಪದ ನಮಗೆ ಬೇಕಾಗಲೇ ಇಲ್ಲ. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಅದೇ ಜೋಡಣೆ ಹಾಗೇ ಇಳಿಯುತ್ತದೆ: ‘ದಿ ಬಸ್ ಗಾಟ್ ಬ್ರೇಕ್‌ಡೌನ್’, ‘ಐ ವಿಲ್ ಡೂ ಪಿಕಪ್’, ‘ಐ ಲಾಗಿನ್ಡ್’. ಬೇಕಿದ್ದದ್ದು ‘ದಿ ಬಸ್ ಬ್ರೋಕ್ ಡೌನ್’, ‘ಐ ವಿಲ್ ಪಿಕ್ ಯೂ ಅಪ್’, ‘ಐ ಲಾಗ್ಡ್ ಇನ್’. ಆದ್ದರಿಂದ ಕನ್ನಡಿಗರು ಇದನ್ನು ತಿರುಗುಮುರುಗಾಗಿ ಕಲಿಯುವುದೇ ಒಳ್ಳೆಯದು: ಬಾಯಲ್ಲಿ ಆಗಲೇ ಇರುವ ನಾಮಪದದಿಂದ ಹೊರಟು, ಅದರೊಳಗಿನ ಕ್ರಿಯಾಪದವನ್ನು ಬಿಡಿಸಿಕೊಳ್ಳಬೇಕು.

ಕ್ರಿಯೆಯಿಂದ ಹೆಸರು ಹುಟ್ಟುವುದು ನಮಗೆ ಹೊಸತೇನೂ ಅಲ್ಲ. ಕಡಲ ನೀರು ಉಬ್ಬಿದರೆ ಉಬ್ಬರ, ಇಳಿದರೆ ಇಳಿತ. ಆಡಿದ್ದು ಆಟ, ಮಾರಿದ್ದು ಮಾರಾಟ, ಮೆರೆದದ್ದು ಮೆರವಣಿಗೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಬಾಲದ ರೂಪವೇ ಬದಲಾಗುತ್ತದೆ, ಕಿವಿಗೆ ಕೂಡಲೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಅಕ್ಷರಗಳು ಅವೇ ಉಳಿದು, ದನಿಯ ಒತ್ತು ಮಾತ್ರ ಜಾಗ ಬದಲಿಸುತ್ತದೆ. ನಾಮಪದದಲ್ಲಿ ಒತ್ತು ಮೊದಲ ಭಾಗಕ್ಕೆ: ‘ಬ್ರೇಕ್’ ಎತ್ತರಕ್ಕೆ ಹೋಗಿ ‘ಡೌನ್’ ತಗ್ಗುತ್ತದೆ. ‘ದಿ ಬಸ್ ಬ್ರೋಕ್ ಡೌನ್’ ಎನ್ನುವಾಗ ಹೆಚ್ಚಿನ ಒತ್ತು ‘ಡೌನ್’ ಮೇಲೆ. ಒತ್ತಿನಿಂದ ಅರ್ಥ ಬೇರ್ಪಡಿಸುವ ಅಭ್ಯಾಸ ಕನ್ನಡಕ್ಕಿಲ್ಲ, ಹಾಗಾಗಿ ಈ ಗುರುತು ನಮ್ಮ ಕಿವಿಯಿಂದ ಜಾರಿಹೋಗುತ್ತದೆ. ಒತ್ತು ಬೀಳುವ ಕಡೆ ಮೇಜಿಗೆ ಬೆರಳು ಬಡಿಯುತ್ತ ಎರಡನ್ನೂ ಗಟ್ಟಿಯಾಗಿ ಹೇಳಿಕೊಳ್ಳಿ. ಕಣ್ಣಿಗಿಂತ ಮೊದಲು ಕಿವಿ ಪಳಗಿದರೆ ಸ್ಪೆಲ್ಲಿಂಗ್ ಅರ್ಧ ತಾನಾಗಿಯೇ ಬರುತ್ತದೆ.

ಬರೆಯುವಾಗ ಅನುಮಾನ ಬಂದರೆ ವಾಕ್ಯವನ್ನು ನಿನ್ನೆಗೆ ತಳ್ಳಿ ನೋಡಿ. ‘ಲಾಗ್’ ಹೋಗಿ ‘ಲಾಗ್ಡ್ ಇನ್’ ಆಯಿತೇ, ‘ಚೆಕ್’ ಹೋಗಿ ‘ಚೆಕ್ಡ್ ಇನ್’ ಆಯಿತೇ? ಹಾಗಿದ್ದರೆ ಅದು ಕ್ರಿಯಾಪದ, ಬಿಡಿಸಿ ಬರೆಯಿರಿ. ಅತಿಥಿಗಳಿಗೆ ಕಳಿಸುವ ಮೆಸೇಜಿನಲ್ಲಿ ‘ಯೂ ಕ್ಯಾನ್ ಚೆಕ್ ಇನ್ ಆಫ್ಟರ್ 12’ ಎಂಬಲ್ಲಿ ನಡುವೆ ಜಾಗ ಬೇಕು. ‘ಚೆಕಿನ್ ಟೈಮ್’ ಎಂಬಲ್ಲಿ ಗೆರೆ ಬೇಕು.

ಈ ಪರೀಕ್ಷೆ ಕೈಕೊಡುವ ಒಂದು ಗುಂಪಿದೆ: ಶಟ್, ಸೆಟ್, ಕಟ್, ಪುಟ್. ಇವುಗಳ ರೂಪ ನಿನ್ನೆಗೂ ಇಂದಿಗೂ ಒಂದೇ. ಕೈಗಾ ಅಣುಸ್ಥಾವರದ ಒಂದನೇ ಘಟಕ 962 ದಿನ ನಿಲ್ಲದೆ ನಡೆದು, 2018ರ ಡಿಸೆಂಬರ್ 31ರಂದು ನಿಂತಿತು. ಆಗ ಅದು ವಿಶ್ವದಾಖಲೆ. ಆ ನಿಲುಗಡೆಯ ಹೆಸರು ‘ಶಟ್‌ಡೌನ್’, ಒಂದೇ ಪದ. ನಿಲ್ಲಿಸಿದ ಕೆಲಸವನ್ನು ಹೇಳುವಾಗ ‘ದೇ ಶಟ್ ಡೌನ್ ದಿ ರಿಯಾಕ್ಟರ್’, ಎರಡು ಪದ. ಇಲ್ಲಿ ಸಹಾಯಕ್ಕೆ ಬರುವುದು ‘ಇಟ್’. ನಡುವೆ ಅದನ್ನು ತೂರಿಸಿ ನೋಡಿ: ‘ಶಟ್ ಇಟ್ ಡೌನ್’, ‘ಸೆಟ್ ಇಟ್ ಅಪ್’. ತೂರಿತು ಎಂದರೆ ಅದು ಎರಡು ಪದಗಳ ಕ್ರಿಯಾಪದವೇ. ಆದರೆ ‘ಬ್ರೇಕ್ ಡೌನ್’ಗೆ ಬಸ್ಸು ಕೆಡುವ ಅರ್ಥದಲ್ಲಿ ಕರ್ಮವಿಲ್ಲ, ಆದ್ದರಿಂದ ಅಲ್ಲಿ ‘ಇಟ್’ ತೂರುವುದಿಲ್ಲ. ಅದಕ್ಕೆ ನಿನ್ನೆಯ ಪರೀಕ್ಷೆಯೇ ಸರಿ. ಎರಡೂ ಪರೀಕ್ಷೆ ಕೈಯಲ್ಲಿರಲಿ.

ಸ್ಪೆಲ್ಲಿಂಗಿಗಿಂತ ಹೆಚ್ಚು ಎಡವುವುದು ಅರ್ಥದಲ್ಲಿ. ಕ್ರಿಯಾಪದಕ್ಕೆ ಹತ್ತು ಅರ್ಥವಿದ್ದರೆ ನಾಮಪದಕ್ಕೆ ಒಂದೋ ಎರಡೋ ಮಾತ್ರ ಸಿಕ್ಕಿರುತ್ತದೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಳಚುವುದೂ ‘ಟೇಕ್ ಆಫ್’, ವಿಮಾನ ಏರುವುದೂ ‘ಟೇಕ್ ಆಫ್’. ‘ಟೇಕಾಫ್’ ಎಂಬ ನಾಮಪದ ಮಾತ್ರ ವಿಮಾನದ ಪಾಲಿಗೆ ಹೋಗಿದೆ, ಚಪ್ಪಲಿಗೆ ಸಲ್ಲದು. ‘ಮೇಕಪ್’ ಮುಖದ ಬಣ್ಣ. ‘ಮೇಕ್ ಅಪ್’ ಎಂದರೆ ಕಥೆ ಕಟ್ಟುವುದು, ಜಗಳ ಮುಗಿಸಿ ಒಂದಾಗುವುದು, ತಪ್ಪಿದ ಪಾಠವನ್ನು ಸರಿದೂಗಿಸುವುದು. ‘ಚೆಕಪ್’ ಆಸ್ಪತ್ರೆಯ ತಪಾಸಣೆ ನಿಜ, ಆದರೆ ಡಾಕ್ಟರು ರೋಗಿಯನ್ನು ‘ಚೆಕ್ ಅಪ್’ ಮಾಡುವುದಿಲ್ಲ, ‘ಎಗ್ಸಾಮಿನ್’ ಮಾಡುತ್ತಾರೆ. ಹೀಗೆ ಪ್ರತಿ ನಾಮಪದವೂ ಅದೇ ಅರ್ಥದಲ್ಲಿ ಕ್ರಿಯಾಪದಕ್ಕೆ ಮರಳುತ್ತದೆ ಎಂದು ನಂಬಬೇಡಿ. ಒಂದೊಂದನ್ನೂ ನಿಘಂಟಿನಲ್ಲಿ ನೋಡಲೇಬೇಕು.

ಇನ್ನೊಂದು ಬಗೆಯಲ್ಲಿ ಬಾಲ ತಲೆಗೆ ಬರುತ್ತದೆ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡರೆ ಅದು ‘ಔಟ್‌ಬ್ರೇಕ್’. ಕ್ರಿಯಾಪದ ‘ಬ್ರೇಕ್ ಔಟ್’. ತಿರುಗಿಸಿ ‘ಬ್ರೇಕೌಟ್’ ಎಂದರೆ ಜೈಲಿನಿಂದ ತಪ್ಪಿಸಿಕೊಂಡ ಹಾಗೆ. ನಮ್ಮೂರಿನ ಸೈಟುಗಳ ‘ಲೇಔಟ್’ ಬೇರೆ, ಬಜೆಟ್ಟಿನ ವೆಚ್ಚ ಹೇಳುವ ‘ಔಟ್‌ಲೇ’ ಬೇರೆ. ಆಷಾಢದ ಜಡಿಮಳೆ ‘ಡೌನ್‌ಪೋರ್’. ಈ ಬಗೆಯವನ್ನು ಗೆರೆಯಿಲ್ಲದೆ ಒಂದೇ ಪದವಾಗಿ ಬರೆಯುವುದು ರೂಢಿ. ‘ಬೈಪಾಸ್’ ಅಂತೂ ಕ್ರಿಯಾಪದವಾದಾಗಲೂ ಒಂದೇ ಪದವಾಗಿ ಉಳಿಯುತ್ತದೆ: ‘ದಿ ಹೈವೇ ಬೈಪಾಸಸ್ ದಿ ಟೌನ್’.

ಅಡ್ಡಗೆರೆಗೆ ಗಟ್ಟಿ ನಿಯಮವಿಲ್ಲ, ಒಲವು ಇದೆ. ‘ಇನ್’, ‘ಆನ್’, ‘ಬೈ’ಯಿಂದ ಮುಗಿಯುವವಕ್ಕೆ ಹೆಚ್ಚಾಗಿ ಗೆರೆ: ಚೆಕಿನ್, ಆಡಾನ್, ಪಾಸರ್‌ಬೈ. ‘ಲಾಗಿನ್’ ಇದಕ್ಕೆ ಹೊರತು. ಬ್ಯಾಕಪ್, ಹ್ಯಾಂಡೌಟ್, ಡ್ರಾಪೌಟ್ ಸಾಮಾನ್ಯವಾಗಿ ಕೂಡುತ್ತವೆ, ಆದರೆ ‘ಫಾಲೋ ಅಪ್’ ನಾಮಪದವಾದಾಗ ಗೆರೆ ಬೇಡುತ್ತದೆ. ಟೇಕಾಫ್‌ಗೆ ಬ್ರಿಟಿಷರು ಗೆರೆ ಹಾಕುತ್ತಾರೆ, ಅಮೆರಿಕದವರು ಕೂಡಿಸುತ್ತಾರೆ. ಒಂದು ಬರಹದಲ್ಲಿ ಒಂದೇ ಪದ್ಧತಿ ಹಿಡಿಯಿರಿ.

ಬಹುವಚನದ ‘ಎಸ್’ ಪದದ ಕೊನೆಗೆ ಬರುತ್ತದೆ: ಬ್ರೇಕ್‌ಡೌನ್ಸ್, ಬ್ಯಾಕಪ್ಸ್. ಆದರೆ ಮೊದಲ ಭಾಗವೇ ಮನುಷ್ಯನನ್ನು ಹೇಳುವ ‘ರನ್ನರ್’, ‘ಪಾಸರ್’ ಇದ್ದರೆ ಎಸ್ ಅಲ್ಲಿಗೇ ಅಂಟುತ್ತದೆ: ರನ್ನರ್ಸ್ ಅಪ್, ಪಾಸರ್ಸ್ ಬೈ. ವಾಲಿಬಾಲ್ ಟೂರ್ನಮೆಂಟಿನ ಸರ್ಟಿಫಿಕೇಟ್ ಅಚ್ಚು ಹಾಕಿಸುವವರು ದಯವಿಟ್ಟು ಇದನ್ನು ಗಮನಿಸಿ.

ಅಭ್ಯಾಸಕ್ಕೆ ಒಂದು ನೋಟ್‌ಬುಕ್, ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ನಾಮಪದವಿರುವ ವಾಕ್ಯ, ಎರಡನೆಯದರಲ್ಲಿ ನಿನ್ನೆಯ ಕ್ರಿಯಾಪದ, ಮೂರನೆಯದರಲ್ಲಿ ‘ಇಟ್’ ತೂರಿಸಿದ ರೂಪ. ತೂರದಿದ್ದರೆ ಖಾಲಿ ಬಿಡಿ, ಆ ಖಾಲಿಯೂ ಒಂದು ಮಾಹಿತಿ. ವಾರಕ್ಕೆ ಐದು ಪದ ಸಾಕು. ಹೊಸ ಪದ ಹುಡುಕಿಕೊಂಡು ಹೋಗುವುದು ಬೇಡ. ದಿನವಿಡೀ ‘ಮಾಡು’, ‘ಆಗು’ ಹಚ್ಚಿ ಆಡುವ ಇಂಗ್ಲಿಷ್ ಪದಗಳನ್ನು ಸಂಜೆ ನೆನಪಿಸಿಕೊಂಡು ಬರೆಯಿರಿ: ಸೆಟಪ್, ಪಿಕಪ್, ಲಾಗೌಟ್, ಕಟಾಫ್, ಬ್ಯಾಕಪ್. ಮೊದಲ ವಾರದ ಐದು ಇವೇ ಆಗಲಿ.