ಭಾರ ಜಾಸ್ತಿಯಿರುವವರ ಸೈಕಲ್ ಪ್ರವಾಸ: ಮೊದಲ ದುಡ್ಡು ಹಿಂದಿನ ಚಕ್ರಕ್ಕೆ

ನೂರು ಕಿಲೋ ದಾಟಿದವರು ಸಾಮಾನು ಹೇರಿಕೊಂಡು ಹಲವು ದಿನದ ಸೈಕಲ್ ಪ್ರವಾಸಕ್ಕೆ ಹೊರಡುವಾಗ ಫ್ರೇಮ್ ತಡೆದೀತೇ ಎಂದು ಚಿಂತಿಸುತ್ತಾರೆ. ದಾರಿಯಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಹಿಂದಿನ ಚಕ್ರದ ಕಡ್ಡಿ (ಸ್ಪೋಕ್). ಲೆಕ್ಕ ಹಾಕಿ: ಸವಾರ 110 ಕಿಲೋ, ಸೈಕಲ್ 16, ಬ್ಯಾಗು-ನೀರು 22, ಒಟ್ಟು 148. ಅರ್ಧಕ್ಕಿಂತ ಹೆಚ್ಚು ಭಾರ ಹಿಂದೆಯೇ ಬೀಳುತ್ತದೆ. ಕಂಪನಿ ಹೇಳಿದ ತೂಕದ ಮಿತಿ ಸವಾರನಿಗೋ ಈ ಒಟ್ಟು ಭಾರಕ್ಕೋ ಎಂದು ಓದಿಕೊಳ್ಳಿ.

ಹಿಂದಿನ ಚಕ್ರಕ್ಕೆ 36 ಕಡ್ಡಿ, ಹಿತ್ತಾಳೆ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್ಟು), ಕ್ಯಾಸೆಟ್ ಹಬ್ (ಗಿಯರ್ ಹಲ್ಲುಗಳ ಗೊಂಚಲು, ಅಂದರೆ ಕ್ಯಾಸೆಟ್, ಜಾರಿ ಕೂರುವ ಚಕ್ರದ ನಡುಭಾಗ) ಇರಲಿ. ಹಲ್ಲುಗಳ ಗೊಂಚಲನ್ನು ತಿರುಪಿ ಕೂರಿಸುವ ಹಳೇ ಮಾದರಿಯ ಫ್ರೀವೀಲ್ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ತೀರಾ ಒಳಗಿರುವುದರಿಂದ ಆಕ್ಸಲ್ ಬಾಗುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಕಡ್ಡಿ ಎಣಿಸಿ ಸುಮ್ಮನಾಗಬೇಡಿ, ಬಿಗಿ ಮುಖ್ಯ. ಪ್ರತಿ ಸುತ್ತಿನಲ್ಲೂ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿ ಇಳಿಯುತ್ತದೆ. ಸಡಿಲವಾಗಿದ್ದರೆ ಹಬ್‌ಗೆ ಸಿಕ್ಕಿಸಿದ ಬಾಗಿನಲ್ಲಿ ಅದು ಅಲುಗಾಡುತ್ತಾ ದಣಿದು, ಕೊನೆಗೆ ಸಪಾಟು ರಸ್ತೆಯಲ್ಲೇ ‘ಟಣ್’ ಎನ್ನುತ್ತದೆ. ಹೊಸ ಚಕ್ರವಾದರೆ 150–200 ಕಿ.ಮೀ. ಓಡಿಸಿ, ಬೆಂಡ್ ತೆಗೆಸಿ, ಬಿಗಿ ಸಮ ಮಾಡಿಸಿಕೊಂಡೇ ಹೊರಡಿ.

ಡಿಸ್ಕ್ ಬ್ರೇಕಿನವರಿಗೆ ಒಂದು ಕಿವಿಮಾತು: ರಿಮ್ ಬೆಂಡಾದರೂ ಬ್ರೇಕಿಗೆ ತಾಗುವುದಿಲ್ಲ, ಹಾಗಾಗಿ ಕಡ್ಡಿ ತುಂಡಾದದ್ದೇ ತಿಳಿಯದೆ ಹೋಗಬಹುದು. ದಿನಾ ಬೆಳಿಗ್ಗೆ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಸುಕಿ ನೋಡಿ. ಬಲಗಡೆಯದು ಮುರಿದರೆ ರಿಮ್ ಎಡಕ್ಕೆ ವಾಲುತ್ತದೆ; ಅಕ್ಕಪಕ್ಕದ ಎರಡು ಎಡಗಡ್ಡಿಗಳನ್ನು ಅರ್ಧ ಸುತ್ತು ಸಡಿಲಿಸಿದರೆ ಮುಂದಿನ ಊರು ತಲುಪಬಹುದು. ಬದಲಿಸಲು ಕ್ಯಾಸೆಟ್ ಬಿಚ್ಚಬೇಕು. ಆದ್ದರಿಂದ ಸ್ಪೋಕ್ ಕೀ ಜೊತೆ ಲಾಕ್‌ರಿಂಗ್ (ಕ್ಯಾಸೆಟ್ ಹಿಡಿದಿಡುವ ಬಳೆ) ಬಿಚ್ಚುವ ಸಾಧನವೂ ಬೇಕು. ಎಡಬಲದ ಕಡ್ಡಿಗಳ ಉದ್ದ ಬೇರೆಯಿರುತ್ತದೆ, ಎರಡೂ ಅಳತೆಯವು ಮೂರು ಮೂರು ಇಟ್ಟುಕೊಳ್ಳಿ.

ಟಯರು ಫ್ರೇಮಿನಲ್ಲಿ ಹಿಡಿಸುವಷ್ಟು ಅಗಲ, 45–50 ಮಿ.ಮೀ. ಸಿಕ್ಕರೆ ಒಳ್ಳೆಯದು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳು ಹುಡುಕಬೇಡಿ, ಗಾಳಿ ಕಡಿಮೆಯಾಗಿ ರಿಮ್ ಕಚ್ಚಿದೆ ಎಂದರ್ಥ.

ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕಾದು ಹಿಡಿತ ತಪ್ಪುತ್ತದೆ. ಜೋರಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಟ್ಟು, ಮತ್ತೆ ಹಿಡಿಯಿರಿ. ಫೋರ್ಕ್ ಒಪ್ಪಿದರೆ ಮುಂದೆ 180 ಮಿ.ಮೀ. ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ) ಹಾಕಿಸಿ. ಲೋಹದ ಬ್ರೇಕ್ ಪ್ಯಾಡ್ ಬಿಸಿ ತಾಳುತ್ತದೆ ನಿಜ, ಆದರೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ರೋಟರ್ ಮೇಲೆ ಬರೆದಿದ್ದರೆ ಹಾಕಬೇಡಿ, ರೋಟರೇ ಸವೆದುಹೋಗುತ್ತದೆ.

ಸೀಟಿನ ಕೆಳಗಿನ ಹಳಿ ಉಕ್ಕಿನದಿರಲಿ. ಸೀಟನ್ನು ತೀರಾ ಹಿಂದಕ್ಕೆ ಸರಿಸಿ ಕ್ಲ್ಯಾಂಪ್ ಮಾಡಿದರೆ ಹಳಿ ಬಾಗುತ್ತದೆ. ಸೀಟ್‌ಪೋಸ್ಟನ್ನು (ಸೀಟಿನ ಕಂಬ) ಅದರ ಮೇಲೆ ಗುರುತು ಹಾಕಿದ, ಕನಿಷ್ಠ ಎಷ್ಟು ಒಳಗಿರಬೇಕೆಂಬ ಗೆರೆ ಹೊರಗೆ ಕಾಣುವಷ್ಟು ಮೇಲೆತ್ತಲೇಬೇಡಿ.

ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಚೌಕ ತುದಿಯ ಆಕ್ಸಲ್‌ಗೆ ಸಿಕ್ಕಿಸುವಂಥದ್ದಾದರೆ ಎಡಗಡೆಯ ಬೋಲ್ಟನ್ನು ಮೊದಲ ದಿನವೇ ಮತ್ತೊಮ್ಮೆ ಬಿಗಿ ಮಾಡಿ. ಸಡಿಲವಿದ್ದಾಗಲೇ ತುಳಿದರೆ ಕ್ರ್ಯಾಂಕಿನ ಅಲ್ಯೂಮಿನಿಯಂ ಚೌಕ ತೂತು ಸವೆದು ದುಂಡಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ, ಹೊಸ ಕ್ರ್ಯಾಂಕೇ ತರಬೇಕು.